ಕೆಂಚಮ್ಮನ ಹಿಡಿ ಸಾಸಿವೆ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹೊನ್ನಾಳಿಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, ‘ಸರ್, ನೀವು ಯಾವ ಪೋಸ್ಟಿನಲ್ಲಿ ರಿಟೈರ್ ಆದಿರಿ?’ ಎಂದು ಕೇಳುತ್ತಾರೆ. ಅದನ್ನು ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಇಷ್ಟು ವರ್ಷ ಏನು ಕೆಲಸ ಮಾಡಿದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: ಸಸಿ ಎಣಿಸಿದೆ. ಭತ್ತದ ಸಸಿ, ಜೋಳದ ಸಸಿ, ಶೇಂಗಾ ಸಸಿ, ಕೊನೆಗೆ ಸಾಸಿವೆ ಸಸಿ. ಜಗಳೂರು ಸೀಮೆಯಲ್ಲಿ ನನಗೆ ‘ಸಸಿ ಎಣ್ಸೋ ಸಾಹೇಬ್ರು’ ಎಂದೇ ಹೆಸರಿತ್ತು. ಈ ಹೆಸರು ಹೊಗಳಿಕೆಯಿಂದ ಬಂದದ್ದು ಅಂತ ನೀವು ಅಂದುಕೊಳ್ಳಬೇಡಿ. ಒಂದು ವರ್ಷ ನಾನು ಎಣಿಸದೇ ಬಿಟ್ಟೆ, ಅದಕ್ಕೆ ಬಂತು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ್ದು ಇದೇ ಹೊನ್ನಾಳಿಯಲ್ಲಿ. ಆಗ ಸಾಲು ನಾಟಿ ಬಂದ ಹೊಸತು. ಗೇಣಿಗೊಂದು ಗಂಟು ಹಾಕಿದ ಹಗ್ಗವನ್ನು ಗದ್ದೆಯ ಈ ಬದುವಿನಿಂದ ಆ ಬದುವಿಗೆ ಎಳೆದು ಹಿಡಿಯುವುದು ನನ್ನ ಕೆಲಸ, ಗಂಟಿಗೊಂದು ಸಸಿ ಊರುವುದು ಹೆಂಗಸರ ಕೆಲಸ. ಹಗ್ಗ ನೆನೆದರೆ ಬಿಗಿಯುತ್ತದೆ, ಬಿಗಿದರೆ ಗಂಟುಗಳು ಹತ್ತಿರವಾಗುತ್ತವೆ ಎಂಬುದು ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ನಾಟಿ ಮಾಡಿದ ಗದ್ದೆ ಒಂದು ಅಳತೆ, ಸಂಜೆಯದು ಇನ್ನೊಂದು ಅಳತೆ ಆಯಿತು. ನಾಟಿಯ ಹೆಂಗಸರು ಅದನ್ನು ಮೊದಲ ದಿನವೇ ಗಮನಿಸಿದ್ದರು. ಯಾಕೆ ಹೇಳಲಿಲ್ಲ ಎಂದರೆ, ‘ಸರ್ಕಾರದ ಹಗ್ಗ, ನಮಗೇನ್ ಗೊತ್ತು ಸ್ವಾಮಿ’ ಎಂದು ನಕ್ಕರು. ಹೊಲದಲ್ಲಿ ಕೈ ಆಡಿಸುವವರನ್ನು ಕೇಳದೆ ಅಳತೆ ಬರೆಯಬೇಡ ಎಂಬ ಪಾಠ ಅಲ್ಲೇ ನನಗೆ ಸಿಕ್ಕಿತ್ತು. ಸಿಕ್ಕಿದ್ದನ್ನು ನಾನು ಇಟ್ಟುಕೊಳ್ಳಲಿಲ್ಲ, ಅಷ್ಟೆ.

ಆಮೇಲೆ ಕತ್ತಲಗೆರೆಯಲ್ಲಿ ಕೆಲವು ತಿಂಗಳ ತರಬೇತಿ ಆಯಿತು. ಮರದ ನಾಲ್ಕು ಪಟ್ಟಿ ಹೊಡೆದು ಮಾಡಿದ ಚೌಕವನ್ನು ಹೊಲದ ಐದು ಕಡೆ ಇಟ್ಟು, ಅದರೊಳಗಿನ ಸಸಿ ಎಣಿಸಿ, ಇಡೀ ಹೊಲದ ಲೆಕ್ಕ ತೆಗೆಯುವ ವಿದ್ಯೆಯನ್ನು ನಾನು ಕಲಿತದ್ದು ಅಲ್ಲಿ. ಆ ಚೌಕ ಹೊತ್ತುಕೊಂಡೇ ಜಗಳೂರಿಗೆ ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ, ‘ಫೋಟೋ ಎಲ್ರೀ, ಬರೀ ಕಟ್ಟು ತಂದೀರಲ್ಲ’ ಎಂದಿದ್ದ.

ಜಗಳೂರಿನಲ್ಲಿ ನನ್ನ ಮೇಲಧಿಕಾರಿ ಸದಾಶಿವಯ್ಯನವರು. ಚನ್ನಗಿರಿ ಕಡೆಯವರು, ಎತ್ತರದ ಆಳು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಒಂದು ಸಣ್ಣ ಅಡಿಕೋಲು. ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಕೂಗಾಡುವ ಸಾಹೇಬರನ್ನು ನಾನು ಮುಂದೆ ಬೇಕಾದಷ್ಟು ಜನ ಕಂಡೆ. ಅವರೆಲ್ಲರನ್ನೂ ಸುಲಭವಾಗಿ ಮರೆತಿದ್ದೇನೆ. ಸದಾಶಿವಯ್ಯನವರು ತಪ್ಪು ಮಾಡಿದವನನ್ನು ಸುಮ್ಮನೆ ನೋಡುತ್ತಿದ್ದರು. ಆ ನೋಟ ಈಗಲೂ ಕೆಲವೊಮ್ಮೆ ಊಟ ಮಾಡುವಾಗ ನೆನಪಾಗುತ್ತದೆ.

ಆ ವರ್ಷ ನಮಗೆ ಒಂದು ಹೊಸ ಪ್ರಯೋಗ ಬಂತು. ಎಣ್ಣೆಕಾಳು ಹೆಚ್ಚು ಬೆಳೆಯಬೇಕು ಎಂಬ ಮಾತು ಆಗ ಎಲ್ಲ ಕಡೆ ಇತ್ತು. ಜಗಳೂರಿನವರಿಗೆ ಸಾಸಿವೆ ಅಂದರೆ ಜೋಳದ ಸಾಲಿನ ನಡುವೆ ಮನೆಯ ಒಗ್ಗರಣೆಗೆ ಆಗುವಷ್ಟು ಚೆಲ್ಲುವ ಕಾಳು. ಅದನ್ನೇ ಇಡೀ ಹೊಲಕ್ಕೆ ಹಿಂಗಾರಿನಲ್ಲಿ ಬಿತ್ತಿ ನೋಡಬೇಕು, ಎಷ್ಟು ದಟ್ಟ ಬಿತ್ತಿದರೆ ಒಳ್ಳೆಯದು ಎಂದು ತಿಳಿಯಬೇಕು. ಜೊತೆಗೆ ಒಂದು ಔಷಧಿ. ಅದು ಹುಳ ಸಾಯಿಸುವುದಲ್ಲ, ಗಿಡದ ಬೆಳವಣಿಗೆಯನ್ನೇ ಹಿಡಿತದಲ್ಲಿಡುವುದು. ಮೊಗ್ಗು ಬರುವ ಮುಂಚೆ ಸಿಂಪಡಿಸಿದರೆ ಗಿಡ ಉದ್ದ ಓಡದೆ ಗಟ್ಟಿಯಾಗಿ ನಿಂತು ಹೆಚ್ಚು ಕವಲು ಒಡೆಯುತ್ತದೆ ಎಂಬುದು ನಂಬಿಕೆ. ಊರಿನವರು ಅದಕ್ಕೆ ‘ಗಿಡ್ಡ ಮಾಡೋ ಔಷ್ದಿ’ ಎಂದು ಹೆಸರಿಟ್ಟರು. ಎಲ್ಲರೂ ಗೌಡ್ರು ಎಂದೇ ಕರೆಯುತ್ತಿದ್ದ ತಿಪ್ಪೇಸ್ವಾಮಿ ಎಂಬ ರೈತರು ತಮ್ಮ ಎರೆ ಹೊಲದ ಒಂದು ಭಾಗವನ್ನು ಈ ಪ್ರಯೋಗಕ್ಕೆ ಬಿಟ್ಟುಕೊಟ್ಟರು. ಸದಾಶಿವಯ್ಯನವರ ಎತ್ತರ ನೋಡಿ, ‘ಆ ಔಷ್ದಿ ನಮ್ ಭಾವಮೈದುನನಿಗೆ ಚಿಕ್ಕಂದಿನಾಗೇ ಹೊಡೆದಿದ್ರೆ ಚೆನ್ನಾಗಿತ್ತು’ ಎಂದು ಅವರು ನಗಾಡಿದ್ದು ನೆನಪಿದೆ.

ಆ ಹೊಲವನ್ನು ಹನ್ನೆರಡು ಪಟ್ಟಿ ಮಾಡಿದೆ. ದಟ್ಟ, ಮಧ್ಯಮ, ವಿರಳ ಎಂದು ಮೂರು ಬಗೆ. ಆರು ಪಟ್ಟಿಗೆ ಔಷಧಿ, ಆರಕ್ಕೆ ಇಲ್ಲ. ಯಾವ ಪಟ್ಟಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಹೊಲದ ಒಂದು ಕಡೆಯ ಮಣ್ಣು ಚೆನ್ನಾಗಿದ್ದು ಇನ್ನೊಂದು ಕಡೆ ಕಳಪೆ ಇದ್ದರೆ ಫಲಿತಾಂಶ ಮೋಸ ಮಾಡಬಾರದು ಅಂತ. ಅದು ನನಗೆ ಗೊತ್ತಿತ್ತು. ಆದರೆ ಬಾವಿ ಇದ್ದದ್ದು ಹೊಲದ ಪೂರ್ವಕ್ಕೆ. ಸಿಂಪಡಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ಕೊಡದಲ್ಲಿ ನೀರು ಹೊತ್ತು ಹೊಲದ ತುಂಬ ಓಡಾಡುವವನು ನಾನು. ಸದಾಶಿವಯ್ಯನವರು ಆ ವಾರ ರಜೆಯಲ್ಲಿದ್ದರು. ಪೂರ್ವದ ಆರೂ ಪಟ್ಟಿ ಔಷಧಿಗೆ ಎಂದು ಬರೆದುಬಿಟ್ಟೆ. ಗಾಳಿಗೆ ಔಷಧಿ ಪಕ್ಕದ ಪಟ್ಟಿಗೆ ಹಾರಬಾರದೆಂಬ ಒಳ್ಳೆಯ ಕಾರಣವನ್ನೂ ಜೊತೆಗೆ ಬರೆದೆ. ಸೋಮಾರಿತನಕ್ಕೆ ಕಾರಣ ಹುಡುಕುವುದರಲ್ಲಿ ನಾನು ಆಗ ಬಲು ಚುರುಕು.

ಬಿತ್ತನೆಯ ದಿನ ಕೂರಿಗೆಯ ಹಿಂದೆ ನಡೆಯಲು ಇಬ್ಬರು ಹೆಂಗಸರು ಬಂದರು. ಕೂರಿಗೆಯ ಮರದ ಬಟ್ಟಲಿಗೆ ಬೆರಳ ಸಂದಿಯಿಂದ ಬೀಜ ಬಿಡುವುದು ಆ ಸೀಮೆಯಲ್ಲಿ ಹೆಂಗಸರ ಕೆಲಸ, ಅದಕ್ಕೆ ಕೈ ಹದ ಬೇಕು. ಪಶ್ಚಿಮದ ಪಟ್ಟಿಗಳಿಗೆ ತಿಪ್ಪೇಸ್ವಾಮಿಯವರ ಹೆಂಡತಿ ರುದ್ರಮ್ಮನವರೇ ನಿಂತರು. ಪೂರ್ವದ ಪಟ್ಟಿಗಳಿಗೆ ಕೂಲಿಗೆ ಬಂದವಳು ಕೆಂಚಮ್ಮ. ಐವತ್ತರ ಹತ್ತಿರದ ಸಣ್ಣ ಮೈಯ ಹೆಂಗಸು. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯ ಬಿತ್ತನೆಗಾದರೂ ಮೊದಲು ಆಕೆಗೆ ಹೇಳಿಕಳಿಸುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಹೊಲಕ್ಕೆ ಬೀಜ ಬಿಟ್ಟ ಕೈ ಅದು.

ಪಟ್ಟಿಗೊಂದರಂತೆ ತೂಗಿ, ನಂಬರ್ ಬರೆದು, ಕಾಗದದ ಪೊಟ್ಟಣ ಕಟ್ಟಿದ್ದೆ. ಕೆಂಚಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿದಳು.

‘ಇದೇನ್ರೀ ಸಾಹೇಬ್ರೆ, ಇಷ್ಟೇ ಇಷ್ಟು ಪಟ್ನ. ಒಂದು ಮದುವೆ ಸಾರಿನ ಒಗ್ಗರಣೆಗೂ ಸಾಲಲ್ಲ.’

‘ಮರಳು ಬೆರೆಸಿ ಬಿಡ್ರಿ ಕೆಂಚಮ್ಮ, ಸರಿಹೋಗುತ್ತೆ.’

‘ಆತು ಬಿಡ್ರಿ. ಸರ್ಕಾರದ ಲೆಕ್ಕ ನಿಮಗೇ ಗೊತ್ತು.’

ನಾನು ಪಶ್ಚಿಮದ ಕಡೆ ಅಳತೆಯ ಹಗ್ಗ ಹಿಡಿದು ನಿಂತೆ. ಎರಡೂ ಕಡೆ ಬಿತ್ತನೆ ಮುಗಿಯಿತು. ರುದ್ರಮ್ಮನವರು ಎಲ್ಲರಿಗೂ ರೊಟ್ಟಿ ಪುಂಡಿಪಲ್ಯ ಕೊಟ್ಟರು. ನಾನು ರಿಜಿಸ್ಟರಿನಲ್ಲಿ ಹನ್ನೆರಡು ಪೊಟ್ಟಣದ ತೂಕಗಳನ್ನು ಅಂದವಾಗಿ ಬರೆದು ಕೆಳಗೆ ಗೆರೆ ಎಳೆದೆ.

ಬಿತ್ತಿ ಎರಡು ವಾರಕ್ಕೆ ಚೌಕ ಇಟ್ಟು ಸಸಿ ಎಣಿಸಬೇಕಿತ್ತು. ಸರಿಯಾಗಿ ಆ ವಾರವೇ ದೀಪಾವಳಿ. ಅದೇ ಬೇಸಿಗೆಯಲ್ಲಿ ನನ್ನ ಮದುವೆಯಾಗಿತ್ತು. ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗದಿದ್ದರೆ ಬೀಗರ ಮುಖ ಕೆಡುತ್ತದೆ. ಹೆಂಡತಿ ಶಾರದ ಮುಂಚೆಯೇ ನ್ಯಾಮತಿಗೆ ಹೋಗಿ ಕಾಯುತ್ತಿದ್ದಳು. ಬೆಳಿಗ್ಗೆ ಹೊಲಕ್ಕೆ ಹೋಗಿ ಪಶ್ಚಿಮದ ಎರಡು ಪಟ್ಟಿ ಎಣಿಸಿದೆ. ಪೊಟ್ಟಣದ ತೂಕಕ್ಕೂ ಸಸಿಗೂ ಲೆಕ್ಕ ಚೆನ್ನಾಗಿ ತಾಳೆಯಾಯಿತು. ಎರಡು ತಾಳೆಯಾದರೆ ಹನ್ನೆರಡೂ ಆದಂತೆಯೇ ಎಂದು ಉಳಿದ ಹತ್ತಕ್ಕೆ ಬದುವಿನ ಮೇಲೆ ಕೂತು ಅಂದಾಜು ಬರೆದೆ. ಆಮೇಲೆ ದಾವಣಗೆರೆ ಬಸ್ಸು, ಹೊನ್ನಾಳಿ ಬಸ್ಸು, ಅಲ್ಲಿಂದ ನ್ಯಾಮತಿ. ಅತ್ತೆಯ ಕೈಯ ಹೋಳಿಗೆ ಬಹಳ ಚೆನ್ನಾಗಿತ್ತು. ಇದನ್ನು ಬರೆಯದಿದ್ದರೆ ಶಾರದ ಬಿಡುವುದಿಲ್ಲ.

ಮುಂದೆ ಔಷಧಿ ಸಿಂಪಡಿಸಿದೆ. ಹೊಲ ಹೂ ಬಿಟ್ಟಿತು. ಜಗಳೂರಿನ ಕಪ್ಪು ನೆಲದ ಮೇಲೆ ಅಷ್ಟು ಹಳದಿಯನ್ನು ಯಾರೂ ಕಂಡಿರಲಿಲ್ಲ. ಬಸ್ಸಿನವರು ನಿಧಾನ ಮಾಡಿ ಜನರಿಗೆ ತೋರಿಸುತ್ತಿದ್ದರು. ಕಟಾವಿನ ಹೊತ್ತಿಗೆ ಪಶ್ಚಿಮದ ದಟ್ಟ ಪಟ್ಟಿಗಳು ಸಣಕಲಾಗಿ ಬೆಳೆದು ಒಂದರ ಮೇಲೊಂದು ಮಲಗಿದ್ದವು. ಪೂರ್ವದ ದಟ್ಟ ಪಟ್ಟಿಗಳು ಸೊಂಟ ನೆಟ್ಟಗೆ ಮಾಡಿ ನಿಂತು, ಕಾಯಿ ತುಂಬಿಕೊಂಡು, ಇಡೀ ಹೊಲದಲ್ಲೇ ಹೆಚ್ಚು ಇಳುವರಿ ಕೊಟ್ಟವು. ಪೂರ್ವದ ವಿರಳ ಪಟ್ಟಿಗಳಲ್ಲಿ ಮಾತ್ರ ಅಲ್ಲಲ್ಲಿ ನೆಲ ಖಾಲಿ ಇತ್ತು. ಅದಕ್ಕೆ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ‘ಇರುವೆ ಹೊತ್ತೊಯ್ದಿರಬಹುದು’ ಎಂದು ಬರೆದೆ. ಪಾಪ, ಆ ಇರುವೆಗಳು. ಸದಾಶಿವಯ್ಯನವರು ಅಂಕಿ ನೋಡಿ ಸಂತೋಷಪಟ್ಟರು. ದಟ್ಟ ಬಿತ್ತಿ ಔಷಧಿ ಹೊಡೆದರೆ ಬೆಳೆ ಮಲಗುವುದಿಲ್ಲ, ಇಳುವರಿ ಹೆಚ್ಚು ಎಂದು ವರದಿ ಬರೆಯಲು ಶುರುಮಾಡಿದರು. ಇನ್ನೊಂದು ವರ್ಷದ ಅಂಕಿ ಸೇರಿಸಿ ಮೇಲಕ್ಕೆ ಕಳಿಸೋಣ ಎಂದರು.

ಮಾರನೇ ವರ್ಷ ಉತ್ತರೆ ಮಳೆಯ ಹೊತ್ತಿಗೆ ಕೆಂಚಮ್ಮ ನಮ್ಮ ಆಫೀಸಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಜೊತೆಗೆ ಗಂಡ ದುರ್ಗಪ್ಪ. ಮಾತು ಬಲು ಕಡಿಮೆಯ ಮನುಷ್ಯ, ಹೆಂಡತಿ ಮಾತಾಡಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದ.

‘ಸಾಹೇಬ್ರೆ, ನಮಗೆ ಹಳ್ಳದ ದಂಡಿಗೆ ಒಂದೂವರೆ ಎಕರೆ ಮಂಜೂರಾಗೈತೆ.’ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ‘ನಮ್ಮ ಹೆಸರಿನಾಗೇ ಐತ್ರೀ. ಇದು ಮೊದಲ್ನೇ ಬಿತ್ತಿಗೆ. ಗೌಡ್ರ ಹೊಲದಾಗೆ ಬೆಳೆದ್ರಲ್ಲ ಸಾಸಿವೆ, ಅದನ್ನೇ ಬಿತ್ತಾಕೆ ಆಸೆ ಆಗೈತೆ. ಆ ಹಳದಿ ಹೂವು ನಮ್ಮ ಹೊಲದಾಗೂ ನೋಡ್ಬೇಕು. ನೀವು ಹೆಂಗೆ ಹೇಳ್ತೀರೋ ಹಂಗೆ ಮಾಡ್ತೀನಿ.’

ದುರ್ಗಪ್ಪ ತಲೆ ಆಡಿಸಿದ.

ಎರಡನೇ ವರ್ಷದ ಪ್ರಯೋಗಕ್ಕೆ ಜಾಗ ಬೇಕಾಗಿತ್ತು. ಸದಾಶಿವಯ್ಯನವರೂ ಒಪ್ಪಿದರು. ನಾನು ದಟ್ಟ ಪಟ್ಟಿಯ ಲೆಕ್ಕದಲ್ಲೇ ಒಂದೂವರೆ ಎಕರೆಗೆ ಬೀಜ ತೂಗಿ ಕೊಟ್ಟೆ. ಔಷಧಿ ನಾನೇ ಬಂದು ಹೊಡೆಯುತ್ತೇನೆ, ನೀವು ನಿಶ್ಚಿಂತೆಯಿಂದಿರಿ ಎಂದೆ. ನಿಶ್ಚಿಂತೆ ಎಂಬ ಮಾತನ್ನು ನಾನು ಆಮೇಲೆ ಯಾವ ರೈತನಿಗೂ ಹೇಳಲಿಲ್ಲ.

ಅವರ ಬಿತ್ತನೆಗೆ ನಾನು ಹೋಗಲಾಗಲಿಲ್ಲ. ಎರಡು ವಾರಕ್ಕೆ ಚೌಕ ಹೊತ್ತು ಹೋದೆ. ಮತ್ತೆ ದೀಪಾವಳಿ ಹತ್ತಿರ ಬಂದಿತ್ತು, ಆದರೆ ಮಾವನ ಮನೆಯ ಹೊಸತನ ಕಳೆದಿತ್ತಲ್ಲ, ಈ ಸಲ ಪೂರ್ತಿ ಎಣಿಸಲು ಕೂತೆ. ಕೆಂಚಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಹಸಿರು ಹಾಸು ಹಾಸಿದಂತಿತ್ತು ಹೊಲ. ಚೌಕದೊಳಗೆ ಎಣಿಸುತ್ತಾ ಎಣಿಸುತ್ತಾ ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ. ಐದೂ ಕಡೆ ಇಟ್ಟು ನೋಡಿದೆ. ಗಿಡಕ್ಕೆ ಗಿಡ ಭುಜ ತಾಗಿಸಿಕೊಂಡು ನಿಂತಿತ್ತು. ಕಳೆದ ವರ್ಷ ಗೌಡರ ಹೊಲದ ಪೂರ್ವದ ಪಟ್ಟಿಗಳು ಈ ವಯಸ್ಸಿನಲ್ಲಿ ಹೀಗಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. ತೂಕ ಮಾತ್ರ ಅದೇ.

‘ಕೆಂಚಮ್ಮ, ಹೋದ ವರ್ಷ ಬಿತ್ತಿದ ಹಂಗೇ ಬಿತ್ತಿದ್ರಾ?’

‘ಹಂಗೇ ಬಿತ್ತಿದೆ. ಅದೇ ಕೈ, ಅದೇ ಕೂರಿಗೆ.’ ಸ್ವಲ್ಪ ಯೋಚಿಸಿ, ‘ಹಿಡಿ ಒಂದು ತೆಗೀಲಿಲ್ಲ’ ಎಂದಳು.

‘ಯಾವ ಹಿಡಿ?’

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ‘ಬಿತ್ತಾಕೆ ಹೋದವರು ಬರಿಗೈಯಾಗೆ ಮನೆಗೆ ಹೋಗಬಾರ್ದು ಸಾಹೇಬ್ರೆ. ಬೀಜ ಬಿಚ್ಚಿದ ಕೂಡ್ಲೆ ಒಂದು ಹಿಡಿ ಕಣ್ಣಿಗೊತ್ತಿ ಮಡಿಲಿಗೆ ಹಾಕ್ಕಂತೀವಿ. ಎಲ್ಲಾ ಹೊಲದಾಗೂ ಹಂಗೇ. ಗೌಡ್ರಿಗೂ ಗೊತ್ತು, ಎಲ್ರಿಗೂ ಗೊತ್ತು.’

‘ಮತ್ತೆ ಇಲ್ಲಿ ಯಾಕೆ ತೆಗೀಲಿಲ್ಲ?’

‘ಇದು ನನ್ ಹೊಲ. ನನ್ ಹೊಲದಾಗೆ ಇದ್ರೆ ಮನೆಯಾಗೆ ಇದ್ದಂಗೇ ಅಲ್ವೇನ್ರೀ?’

ನಾನು ಚೌಕದ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಜೋಳದ ಚೀಲದಿಂದ ಒಂದು ಹಿಡಿ ತೆಗೆದರೆ ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಪೊಟ್ಟಣಗಳಲ್ಲಿ ಇದ್ದದ್ದೇ ಕೆಲವು ಹಿಡಿ. ಪೊಟ್ಟಣ ಪೊಟ್ಟಣಕ್ಕೂ ಒಂದು ಹಿಡಿ ಮಡಿಲಿಗೆ ಹೋಗಿತ್ತು. ದಟ್ಟ ಎಂದು ನಾನು ಬರೆದದ್ದು ಹದವಾಗಿತ್ತು, ವಿರಳ ಎಂದು ಬರೆದದ್ದು ಖಾಲಿಯಾಗಿತ್ತು. ರುದ್ರಮ್ಮನವರದು ಸ್ವಂತ ಹೊಲ, ಅವರು ಹಿಡಿ ತೆಗೆದಿರಲಿಲ್ಲ. ಅವರ ದಟ್ಟ ಪಟ್ಟಿಗಳು ಉಸಿರುಕಟ್ಟಿ ಮಲಗಿದ್ದವು. ಪೂರ್ವದ ಗಿಡಗಳನ್ನು ನಿಲ್ಲಿಸಿದ್ದು ನನ್ನ ಔಷಧಿ ಎಂದು ನಾವು ಬೀಗಿದ್ದೆವು. ನಿಲ್ಲಿಸಿದ್ದು ಕೆಂಚಮ್ಮನ ಹಿಡಿ. ಈಗ ಅದೇ ಕೆಂಚಮ್ಮನ ಮೊದಲ ಬೆಳೆ, ನನ್ನ ಮಾತು ನಂಬಿ, ಮಲಗುವ ದಾರಿ ಹಿಡಿದಿತ್ತು.

ಆ ದಿನ ಆಕೆಗೆ ಏನೂ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ ಎಂದರೆ ಸರಿ. ಮಾರನೇ ಬೆಳಿಗ್ಗೆ ಸದಾಶಿವಯ್ಯನವರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು ಒಂದೇ ಮಾತು.

‘ಹೋದ ವರ್ಷ ಸಸಿ ಎಣಿಸಿದ್ಯೇನಪ್ಪಾ?’

‘ಎರಡು ಪಟ್ಟಿ ಎಣಿಸಿದೆ ಸರ್. ಉಳಿದದ್ದು ಬರೆದೆ.’

‘ಯಾಕೆ?’

‘ನ್ಯಾಮತಿಗೆ ಹೋಗ್ಬೇಕಿತ್ತು ಸರ್. ಮೊದಲನೇ ದೀಪಾವಳಿ.’

ಅವರು ನನ್ನನ್ನು ಸುಮ್ಮನೆ ನೋಡಿದರು. ಆ ನೋಟದ ಬಗ್ಗೆ ಮೊದಲೇ ಹೇಳಿದ್ದೇನೆ. ಆಮೇಲೆ, ‘ಹೋಳಿಗೆ ಚೆನ್ನಾಗಿತ್ತಾ?’ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಬೈದಿದ್ದರೆ ಬರುತ್ತಿರಲಿಲ್ಲ. ಅರ್ಧ ಬರೆದಿದ್ದ ವರದಿಯನ್ನು ಎತ್ತಿ ಬೀರುವಿನೊಳಗೆ ಹಾಕಿ, ‘ನಡಿ, ಆ ತಾಯಿನ ನೋಡ್ಕಂಡು ಬರೋಣ. ಅವಳ ಹೊಲ ಮೊದಲು, ನಮ್ಮ ವರದಿ ಆಮೇಲೆ’ ಎಂದು ಎದ್ದರು.

ಹೊಲದಲ್ಲಿ ಸದಾಶಿವಯ್ಯನವರು ಅಡಿಕೋಲು ತೆಗೆದು ನಾಲ್ಕಾರು ಕಡೆ ಅಳೆದರು. ಆಮೇಲೆ ಕೆಂಚಮ್ಮನ ಎದುರು ಕುಕ್ಕರಗಾಲಲ್ಲಿ ಕೂತರು.

‘ಆ ಹಿಡಿಗಳನ್ನ ಏನ್ ಮಾಡಿದ್ರಮ್ಮ? ಒಗ್ಗರಣೆಗೆ ಹಾಕಿದ್ರಾ?’

ಕೆಂಚಮ್ಮನಿಗೆ ಕೋಪವೇ ಬಂತು. ‘ಬಿತ್ತಿಗೆ ಬೀಜ ತಿನ್ನಾಕೆ ಆಗ್ತೈತೇನ್ರೀ? ಗಡಿಗೆಯಾಗೆ ಇಟ್ಟೀನಿ.’

ಹೋಗಿ ತಂದಳು. ಬೇವಿನ ಸೊಪ್ಪಿನ ನಡುವಿನಿಂದ ಒಂದೊಂದಾಗಿ ಆರು ಪೊಟ್ಟಣ ಹೊರಬಂದವು. ಅವು ನನ್ನವೇ ಪೊಟ್ಟಣಗಳು, ಮೇಲೆ ನಾನೇ ಬರೆದ ನಂಬರುಗಳು. ‘ಒಂದೊಂದಕ್ಕೂ ಬೇರೆ ಬೇರೆ ಅಕ್ಷರ ಬರ್ದಿದ್ರಿ. ಬೀಜದ ಜಾತಿ ಬೇರೆ ಇರ್ಬೇಕು, ಬೆರೆಸೋದು ಬ್ಯಾಡ ಅಂತ ಅದರದ್ದು ಅದರಾಗೇ ಕಟ್ಟಿಟ್ಟೆ’ ಎಂದಳು. ಓದು ಬಾರದ ಆಕೆ ನನ್ನ ರಿಜಿಸ್ಟರಿಗಿಂತ ಚೆನ್ನಾಗಿ ದಾಖಲೆ ಇಟ್ಟಿದ್ದಳು. ಆಫೀಸಿನ ಸಣ್ಣ ತಕ್ಕಡಿ ತರಿಸಿ ತೂಗಿದೆವು. ಆರೂ ಹಿಡಿ ಒಂದೇ ತೂಕ. ಮುಳ್ಳು ಅಲ್ಲಾಡಲಿಲ್ಲ ಎನ್ನಬಹುದು. ಸದಾಶಿವಯ್ಯನವರು ಕೆಂಚಮ್ಮನ ಕೈಯನ್ನೇ ನೋಡುತ್ತಾ, ‘ನಮ್ಮ ಇಲಾಖೆಗೆ ಇಂಥದೊಂದು ತಕ್ಕಡಿ ಬೇಕಿತ್ತು’ ಎಂದರು. ಪೊಟ್ಟಣದ ತೂಕದಲ್ಲಿ ಹಿಡಿಯ ತೂಕ ಕಳೆದರೆ ಪೂರ್ವದ ಪಟ್ಟಿಗಳಿಗೆ ನಿಜವಾಗಿ ಬಿದ್ದ ಬೀಜ ಎಷ್ಟೆಂದು ಸಿಕ್ಕಿತು. ಹದ ಎಷ್ಟೆಂಬುದೂ ಅಲ್ಲಿಂದಲೇ ತಿಳಿಯಿತು.

ಈಗ ಉಳಿದದ್ದು ಕಷ್ಟದ ಮಾತು. ನಾನೇ ಹೇಳಬೇಕಿತ್ತು, ಹೇಳಿದೆ. ‘ಕೆಂಚಮ್ಮ, ತಪ್ಪು ನನ್ನದು. ಹೋದ ವರ್ಷ ಸಸಿ ಎಣಿಸ್ದೆ ಲೆಕ್ಕ ಬರ್ದೆ, ಅದನ್ನೇ ನಂಬಿ ನಿಮಗೆ ಹೆಚ್ಚು ಬೀಜ ಕೊಟ್ಟೆ. ಮೂರರಲ್ಲಿ ಒಂದು ಸಸಿ ಕೀಳ್ಬೇಕು. ಈ ವಾರದಾಗೇ. ಇಲ್ಲಾಂದ್ರೆ ಪೂರ್ತಿ ಬೆಳೆ ಮಲಗುತ್ತೆ.’

ಆಕೆ ಹೊಲದ ಕಡೆ ತಿರುಗಿ ನಿಂತಳು. ತಿರುಗಿದವಳು ಹಾಗೇ ಬೆನ್ನು ಕೊಟ್ಟುಕೊಂಡೇ ಮಾತಾಡಿದಳು.

‘ಇಷ್ಟು ವರ್ಷ ಬ್ಯಾರೇರ ಹೊಲದಾಗೆ ಮೊಳಕೆ ನೋಡೀನಿ. ನಂದು ಅಂತ ಹಸಿರು ಕಂಡಿದ್ದು ಇದೇ ಮೊದಲು. ಕೀಳು ಅಂತೀರಲ್ಲ ಸಾಹೇಬ್ರೆ. ಹೋದ ವರ್ಷ ನೀವು ಎಣಿಸ್ಲಿಲ್ಲ, ಹಿಂಗೆ ಬಿತ್ತು ಅಂದ್ರಿ. ಈ ವರ್ಷ ಎಣಿಸೀರಿ, ಕೀಳು ಅಂತೀರಿ. ನಾನು ಯಾವ ಮಾತು ನಂಬ್ಲಿ?’

ನಾನು ಸದಾಶಿವಯ್ಯನವರ ಕಡೆ ನೋಡಿದೆ. ಅವರು ನನ್ನ ಸಹಾಯಕ್ಕೆ ಬರಲಿಲ್ಲ. ಬರಬಾರದೆಂದೇ ಸುಮ್ಮನಿದ್ದರು ಎಂದು ಈಗ ಅನ್ನಿಸುತ್ತದೆ. ನಾನು, ‘ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಕೈ ನಂಬ್ರಿ. ಗೌಡ್ರ ಹೊಲದಾಗೆ ನಿಮ್ಮ ಪಟ್ಟಿ ಹೆಂಗಿತ್ತು, ರುದ್ರಮ್ಮನೋರ ಪಟ್ಟಿ ಹೆಂಗಿತ್ತು, ನೀವೇ ಕೊಯ್ದೀರಲ್ಲ’ ಎಂದೆ.

ದುರ್ಗಪ್ಪ ಅಂದು ಮೊದಲ ಬಾರಿಗೆ ನನ್ನೆದುರು ಬಾಯಿಬಿಟ್ಟ. ‘ಮಲಗಿತ್ತು ಕಣೆ. ಅವರದು ಮಲಗಿತ್ತು’ ಎಂದ.

ನಾನು ಬಗ್ಗಿ ಒಂದು ಸಸಿಗೆ ಕೈ ಹಾಕಿದೆ. ‘ಮುಟ್ಟಬ್ಯಾಡ್ರಿ’ ಎಂದು ಆಕೆ ತಡೆದಳು. ‘ನನ್ ಹೊಲ. ನಾನೇ ಕೀಳ್ತೀನಿ.’ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಸಾಲಿಗೆ ಕೂತಳು. ಮೊದಲ ಸಸಿಯನ್ನು ಕಿತ್ತು, ಬೇರಿನ ಮಣ್ಣು ಕೊಡವಿ, ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಕಣ್ಣು ಒರೆಸಿಕೊಂಡು, ‘ಖಾರ ಐತೆ’ ಎಂದಳು. ಅದು ಸಾಸಿವೆಯ ಖಾರದ ನೀರೋ ಅಲ್ಲವೋ ನಾವು ಯಾರೂ ಕೇಳಲಿಲ್ಲ.

ಕೇರಿಯ ಹೆಂಗಸರೆಲ್ಲ ಬಂದರು. ನಾಲ್ಕು ದಿನ ಕಿತ್ತರು. ಸದಾಶಿವಯ್ಯನವರು ಪ್ಯಾಂಟು ಮಡಿಚಿಕೊಂಡು ಒಂದು ಸಾಲು ಹಿಡಿದರು. ಅವರು ಕಿತ್ತ ಸಾಲನ್ನು ಕೆಂಚಮ್ಮ ಮತ್ತೆ ಸರಿಮಾಡಬೇಕಾಯಿತು. ಕಿತ್ತ ಎಳೆ ಸೊಪ್ಪು ಬುಟ್ಟಿ ಬುಟ್ಟಿ ಮನೆಮನೆಗೆ ಹೋಯಿತು. ಆ ವಾರ ಇಡೀ ಕೇರಿಯಲ್ಲಿ ಸಾಸಿವೆ ಸೊಪ್ಪಿನ ಪಲ್ಯ, ಜೋಳದ ರೊಟ್ಟಿ. ನಮಗೂ ಕೆಂಚಮ್ಮನ ಮನೆಯಲ್ಲಿ ಊಟ. ‘ನನ್ ಹೊಲದ ಮೊದಲ ಬೆಳೆ ಇದೇ ಆತು ನೋಡ್ರಿ, ಊರೆಲ್ಲ ಉಂಡರು’ ಎಂದು ಬಡಿಸುತ್ತಾ ಅಂದಳು. ಮುಖದಲ್ಲಿ ನಗು ವಾಪಸು ಬಂದಿತ್ತು.

ಹಳ್ಳದ ಕಡೆಯ ಒಂದು ಪಟ್ಟಿಯನ್ನು ಮಾತ್ರ ಕೀಳಲು ಆಕೆ ಒಪ್ಪಲಿಲ್ಲ. ‘ಇದೊಂದು ಹಿಂಗೇ ಇರ್ಲಿ. ನೀವು ಹೇಳಿದ್ದು ಖರೇನೋ ಸುಳ್ಳೋ ನಾನೂ ನೋಡ್ಬೇಕಲ್ಲ’ ಎಂದಳು. ಔಷಧಿಯನ್ನೂ ಅರ್ಧ ಹೊಲಕ್ಕೇ ಹೊಡೆಸಿದಳು, ಉಳಿದರ್ಧ ಮುಟ್ಟಬಾರದೆಂದಳು. ಎಲ್ಲೆಲ್ಲಿ ಹೊಡೆಯಬೇಕೆಂದು ತೋರಿಸಿದವಳೂ ಆಕೆಯೇ: ಮೇಲೊಂದು ತುಂಡು, ಕೆಳಗೊಂದು ತುಂಡು, ನಡುವೊಂದು ತುಂಡು. ಸದಾಶಿವಯ್ಯನವರು ನನ್ನ ಕಿವಿಯಲ್ಲಿ, ‘ನೀನು ಬಾವಿ ನೋಡಿ ಹಂಚಿದೆ, ಅವಳು ಹೊಲ ನೋಡಿ ಹಂಚಿದಳು’ ಎಂದರು.

ಹೊಲ ಹೂವಾಯಿತು. ಪುಷ್ಯದ ಗಾಳಿಗೆ ಹಳ್ಳದ ಕಡೆಯ ಕೀಳದ ಪಟ್ಟಿ ಪೂರಾ ಮಲಗಿತು. ಉಳಿದ ಹೊಲ ನಿಂತಿತು. ಔಷಧಿ ಹೊಡೆದ ತುಂಡುಗಳಿಗೂ ಹೊಡೆಯದ ತುಂಡುಗಳಿಗೂ ವ್ಯತ್ಯಾಸವನ್ನು ಹುಡುಕಿ ಹುಡುಕಿ ನೋಡಬೇಕಿತ್ತು. ಆ ಔಷಧಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನೀರು ಗೊಬ್ಬರ ಹೆಚ್ಚಾಗಿ ಗಿಡ ಮಿತಿಮೀರಿ ಬೆಳೆಯುವ ಕಡೆ ಅಂಥದು ಕೆಲಸ ಮಾಡಿದ್ದನ್ನು ಮುಂದೆ ಚನ್ನಗಿರಿ ಕಡೆಯ ನೀರಾವರಿ ಹೊಲಗಳಲ್ಲಿ ಕಂಡಿದ್ದೇನೆ. ಸಸಿಯ ಸಂಖ್ಯೆಯೇ ತಪ್ಪಿದ ಹೊಲವನ್ನು ಮಾತ್ರ ಯಾವ ಔಷಧಿಯೂ ಎತ್ತಿ ನಿಲ್ಲಿಸಲಾರದು. ವರದಿಯನ್ನು ನಾವು ಹಾಗೆಯೇ ತಿದ್ದಿ ಬರೆದೆವು. ಮೊದಲ ವರ್ಷದ ಎಣಿಕೆ ಆಗಿಲ್ಲ ಎಂಬುದನ್ನೂ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಮೇಲಿನಿಂದ ನನಗೆ ಒಂದು ಖಾರವಾದ ಪತ್ರ ಬಂತು, ಬರಬೇಕಾದದ್ದೇ. ಸದಾಶಿವಯ್ಯನವರು ಅಂದಿನಿಂದ ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಮ್ ಎಳೆಸಿದರು: ಬಿತ್ತಿದವರ ಹೆಸರು. ನಾನು ಎಲ್ಲಿಗೆ ವರ್ಗವಾದರೂ ಆ ಕಾಲಮ್ಮನ್ನು ಕೈಯಿಂದ ಎಳೆದುಕೊಂಡೆ. ಈಗ ನೀವು ಮೊಬೈಲಿನಲ್ಲಿ ಅಂಕಿ ತುಂಬುತ್ತೀರಿ, ಅದರಲ್ಲಿ ಆ ಕಾಲಮ್ ಇಲ್ಲವಂತೆ. ಇಲ್ಲದಿದ್ದರೆ ಒಂದು ಚೀಟಿಯಲ್ಲಾದರೂ ಬರೆದುಕೊಳ್ಳಿ.

ಕೆಂಚಮ್ಮನ ಬೆಳೆ ಮಹಾ ಬೆಳೆಯೇನಲ್ಲ. ಹದವಾದ ಬೆಳೆ. ಕಣದಿಂದ ಚೀಲ ತುಂಬಿ ಗಾಡಿ ಹೂಡಿದ ದಿನ ನಾನೂ ಇದ್ದೆ. ಅಷ್ಟು ವರ್ಷ ಬೇರೆಯವರ ಗಾಡಿಯ ಹಿಂದೆ ನಡೆದು ಬಂದವಳನ್ನು ದುರ್ಗಪ್ಪ ಕೈ ಹಿಡಿದು ಚೀಲದ ಮೇಲೆ ಕೂರಿಸಿದ. ಆಕೆ ನಾಚಿಕೊಂಡು ಸೆರಗು ಮುಖಕ್ಕೆ ಎಳೆದುಕೊಂಡಳು, ಇಳಿಯಲಿಲ್ಲ. ಊರ ಬಾಗಿಲವರೆಗೂ ಹಾಗೇ ಹೋದಳು.

ಅದಾದ ಸ್ವಲ್ಪ ದಿನಕ್ಕೆ ನನಗೆ ಚನ್ನಗಿರಿಗೆ ವರ್ಗವಾಯಿತು. ಟ್ರಂಕು, ಹಾಸಿಗೆ ಸುರುಳಿ, ಚೌಕ ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕೆಂಚಮ್ಮ ಓಡುತ್ತಾ ಬಂದಳು. ಉಸಿರು ಕಟ್ಟಿತ್ತು.

‘ಕರ್ಚೀಪು ಹಿಡೀರಿ ಸಾಹೇಬ್ರೆ.’

ಹಿಡಿದೆ. ಮಡಿಲಿನಿಂದ ಒಂದು ಹಿಡಿ ಸಾಸಿವೆ ತೆಗೆದು, ಕಣ್ಣಿಗೊತ್ತಿ, ಅದರಲ್ಲಿ ಹಾಕಿದಳು. ‘ನನ್ ಹೊಲದಾಗೆ ನೀವೂ ಕೆಲಸ ಮಾಡೀರಿ. ಬರಿಗೈಯಾಗೆ ಹೋಗಬಾರ್ದು’ ಎಂದಳು. ನಾನು ಕರ್ಚೀಪಿಗೆ ಗಂಟು ಹಾಕಿದೆ. ಬಸ್ಸು ಬಂತು, ಹತ್ತಿದೆ.

ಚನ್ನಗಿರಿಗೆ ಹೋಗಿ ಸಾಮಾನು ಬಿಚ್ಚುವಾಗ, ಅಭ್ಯಾಸಬಲ ನೋಡಿ, ಆ ಹಿಡಿಯನ್ನು ತಕ್ಕಡಿಗೆ ಹಾಕಿದೆ. ಹಿಂದಿನ ಆರು ಹಿಡಿಗಳ ತೂಕ ನನಗೆ ಬಾಯಿಪಾಠ. ಅದೇ ಕೈ, ಅದೇ ಸಾಸಿವೆ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಿಡಿ ಅದು. ಮುಳ್ಳು ಆ ಗುರುತನ್ನು ದಾಟಿ ಹೋಗಿ ನಿಂತಿತು. ಸರಿಯಿದೆಯೇ ಎಂದು ಎರಡು ಸಲ ತೂಗಿದೆ. ಬೇರೆಯವರ ಹೊಲದಲ್ಲಿ ತನಗಾಗಿ ತೆಗೆದುಕೊಳ್ಳುವಾಗ ಕೆಂಚಮ್ಮ ಸಣ್ಣ ಹಿಡಿ ಹಿಡಿದಿದ್ದಳು. ತನ್ನ ಹೊಲದಿಂದ ನನಗೆ ಕೊಡುವಾಗ ಹಿಡಿಯುವಷ್ಟೂ ಹಿಡಿದಿದ್ದಳು.